ಆರ್ಲ್‌ಬರ್ಗ್ ಸ್ಕೀಯಿಂಗ್ ಕಟ್ಟಿದವರು: ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಟ್ರಿಯಾದ ಆರ್ಲ್‌ಬರ್ಗ್ ಸೀಮೆಯ ಸ್ಕೀಯಿಂಗ್ ಬಗ್ಗೆ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಪತ್ರಗಳಲ್ಲೂ ಅವೇ ಇರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ಆಳದ್ದು ಆಮೇಲೆ. ಈ ಕಥೆಯನ್ನು ಸಾಮಾನ್ಯವಾಗಿ ಹಾನೆಸ್ ಶ್ನೈಡರ್ ಎಂಬ ಒಬ್ಬ ಸ್ಕೀ ಮಾಸ್ತರರ ಕಥೆಯಾಗಿ ಹೇಳುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಶ್ನೈಡರ್ ದೊಡ್ಡವರೇ. ಆದರೆ ಅವರ ಹಿಂದೆ, ಪಕ್ಕದಲ್ಲಿ ನಿಂತವರನ್ನು ಬಿಟ್ಟರೆ ಈ ಕಥೆ ಅರ್ಧವೇ ಆಗುತ್ತದೆ.

## ಮೊದಲು ತಿಳಿಯಬೇಕಾದದ್ದು

ಆರ್ಲ್‌ಬರ್ಗ್ ಅಂದ್ರೆ ಊರಾ, ಬೆಟ್ಟಾನಾ?

ಅದೊಂದು ಘಾಟಿ, ಜೊತೆಗೆ ಅದರ ಸುತ್ತಲಿನ ಸೀಮೆ. ಆಸ್ಟ್ರಿಯಾದ ಪಶ್ಚಿಮದಲ್ಲಿ ಟಿರೋಲ್ ಮತ್ತು ಫೋರಾರ್ಲ್‌ಬರ್ಗ್ ರಾಜ್ಯಗಳ ಗಡಿಯಲ್ಲಿದೆ. ಘಾಟಿಯ ನೆತ್ತಿ ಸುಮಾರು 1,800 ಮೀಟರ್ ಎತ್ತರ. ಇಲ್ಲಿಂದ ಪೂರ್ವಕ್ಕೆ ಹರಿದ ನೀರು ಡಾನ್ಯೂಬ್ ಸೇರುತ್ತದೆ, ಪಶ್ಚಿಮಕ್ಕೆ ಹರಿದದ್ದು ರೈನ್ ಸೇರುತ್ತದೆ. ಪೂರ್ವದ ಇಳಿಜಾರಿನಲ್ಲಿ ಸೇಂಟ್ ಆಂಟನ್, ನೆತ್ತಿಯ ಹತ್ತಿರ ಸೇಂಟ್ ಕ್ರಿಸ್ಟಾಫ್, ಪಶ್ಚಿಮಕ್ಕೆ ಸ್ಟೂಬೆನ್, ಉತ್ತರಕ್ಕೆ ತ್ಸ್ಯೂರ್ಸ್, ಲೆಖ್ ಮತ್ತು ವಾರ್ಟ್. ಇವೆಲ್ಲ ಚಿಕ್ಕ ಚಿಕ್ಕ ಊರುಗಳು.

ಹಿಮದಲ್ಲಿ ದಾರಿ ತಪ್ಪಿ ಜನ ಸಾಯುತ್ತಿದ್ದ ಜಾಗ ಇದು. ಹೈನ್ರಿಖ್ ಫಿಂಡೆಲ್‌ಕಿಂಡ್ ಎಂಬಾತ 1386ರಲ್ಲಿ ಸೇಂಟ್ ಕ್ರಿಸ್ಟಾಫ್‌ನಲ್ಲಿ ದಾರಿಹೋಕರಿಗಾಗಿ ಒಂದು ಛತ್ರ ಕಟ್ಟಿಸಿದ. ಮುಂದೆ 1884ರಲ್ಲಿ ಘಾಟಿಯ ಕೆಳಗೆ 10 ಕಿಲೋಮೀಟರಿಗೂ ಉದ್ದದ ರೈಲು ಸುರಂಗ ತೆರೆಯಿತು. ಮೇಲಿನ ಗಾಡಿ ರಸ್ತೆ ಬಿಕೋ ಎಂದಿತು. ಗಾಡಿ ಹೊಡೆದು, ಕುದುರೆ ಕೊಟ್ಟು, ಊಟ ಹಾಕಿ ಬದುಕುತ್ತಿದ್ದವರ ಕಸುಬು ಹೋಯಿತು. ಅದೇ ರೈಲು ಕೆಲವು ವರ್ಷಗಳ ನಂತರ ಸ್ಕೀ ಹಿಡಿದ ಜನರನ್ನು ಕರೆತಂದಿತು. ಈ ಸುರಂಗ ಮನಸ್ಸಿನಲ್ಲಿರಲಿ. ಇಲ್ಲಿನವರು ಹಿಮದ ಆಟದ ಕಡೆ ಇಷ್ಟು ಬೇಗ ಯಾಕೆ ತಿರುಗಿದರು ಎನ್ನುವುದಕ್ಕೆ ಅದೂ ಒಂದು ಕಾರಣ.

ಸ್ಕೀಯಿಂಗ್ ಹುಟ್ಟಿದ್ದೇ ಇಲ್ಲಿ ಅಂತಾರಲ್ಲ, ಹೌದಾ?

ಅಲ್ಲ. ಉತ್ತರ ಯುರೋಪಿನಲ್ಲಿ ಸಾವಿರಾರು ವರ್ಷಗಳಿಂದ ಜನ ಹಿಮದ ಮೇಲೆ ಓಡಾಡಲು ಕಾಲಿಗೆ ಹಲಗೆ ಕಟ್ಟಿಕೊಳ್ಳುತ್ತಿದ್ದರು. ಅದನ್ನು ಆಟವಾಗಿ ಬೆಳೆಸಿದ್ದು ನಾರ್ವೆ. ಟೆಲೆಮಾರ್ಕ್ ಸೀಮೆಯ ಮೋರ್ಗೆಡಾಲ್‌ನಲ್ಲಿ 1825ರಲ್ಲಿ ಹುಟ್ಟಿದ ಸೋಂಡ್ರೆ ನೂರ್‌ಹೈಮ್ ಅಲ್ಲಿನ ದೊಡ್ಡ ಹೆಸರು. ಬಡ ಒಕ್ಕಲು. ಅವರು ಹಿಮ್ಮಡಿಯನ್ನೂ ಸುತ್ತುವರಿಯುವ ಕಟ್ಟನ್ನು ಬಳಕೆಗೆ ತಂದರು. ಇದರಿಂದ ಹಾರುವಾಗ, ತಿರುಗುವಾಗ ಹಲಗೆ ಕಾಲಿನಿಂದ ಕಳಚುತ್ತಿರಲಿಲ್ಲ. 1868ರಲ್ಲಿ ರಾಜಧಾನಿ ಕ್ರಿಸ್ಟಿಯಾನಿಯಾದಲ್ಲಿ, ಅಂದರೆ ಇವತ್ತಿನ ಓಸ್ಲೋದಲ್ಲಿ, ನಡೆದ ಸ್ಪರ್ಧೆಯಲ್ಲಿ ನಲವತ್ತು ದಾಟಿದ ಅವರೇ ಗೆದ್ದರು. 1884ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ ನಾರ್ತ್ ಡಕೋಟಾದಲ್ಲಿ ತೀರಿಕೊಂಡರು. 1952ರ ಓಸ್ಲೋ ಒಲಿಂಪಿಕ್ಸ್‌ನ ಜ್ಯೋತಿ ಹೊತ್ತಿಸಿದ್ದು ಅವರ ಹಳೆಯ ಮನೆಯ ಒಲೆಯಲ್ಲಿ.

ಆರ್ಲ್‌ಬರ್ಗ್ ಕೊಟ್ಟದ್ದು ಬೇರೆ. ಕಡಿದಾದ ಬೆಟ್ಟದಲ್ಲಿ ಇಳಿಯುವುದನ್ನು ಯಾರಿಗೆ ಬೇಕಾದರೂ ಕಲಿಸಬಹುದಾದ ಪಾಠ ಮಾಡಿದ್ದು ಈ ಸೀಮೆ.

ನಾರ್ವೆಯಿಂದ ಆಲ್ಪ್ಸ್‌ಗೆ ಹೇಗೆ ಬಂತು?

ಹೆಚ್ಚಾಗಿ ಓದಿನ ಮೂಲಕ. ನಾರ್ವೆಯ ಅನ್ವೇಷಕ ಫ್ರಿಟ್ಯೋಫ್ ನಾನ್ಸೆನ್ 1888ರಲ್ಲಿ ಸ್ಕೀ ಮೇಲೆ ಗ್ರೀನ್‌ಲ್ಯಾಂಡ್ ದಾಟಿದರು. ಆ ಪ್ರಯಾಣದ ವಿವರ ಜರ್ಮನ್ ಭಾಷೆಯಲ್ಲಿ ಬಂದಾಗ ಓದಿದವರು ಹುಚ್ಚೆದ್ದು ನಾರ್ವೆಯಿಂದ ಸ್ಕೀ ತರಿಸಿಕೊಂಡರು. ಕಿಟ್ಸ್‌ಬ್ಯೂಲ್‌ನ ಫ್ರಾಂಜ್ ರೈಶ್ ಅವರಲ್ಲಿ ಒಬ್ಬರು. 1893ರಲ್ಲಿ ಊರಿನ ಮೇಲಿನ ಕಿಟ್ಸ್‌ಬ್ಯೂಲರ್ ಹಾರ್ನ್ ಶಿಖರದಿಂದ ಇಳಿದು ಬಂದರು. ಮುಂದೆ ಆ ಊರಿನ ಮೇಯರ್ ಕೂಡ ಆದರು.

ಪಾದ್ರಿಯೊಬ್ಬರು ರಾತ್ರಿ ಹೊತ್ತು ಕದ್ದು ಮುಚ್ಚಿ ಸ್ಕೀ ಕಲಿತರಂತೆ, ನಿಜಾನಾ?

ಆರ್ಲ್‌ಬರ್ಗ್‌ನಲ್ಲಿ ಎಲ್ಲರೂ ಹೇಳುವ ಕಥೆ ಅದು. ವಾರ್ಟ್ ಊರಿನ ಪಾದ್ರಿ ಯೊಹಾನ್ ಮ್ಯೂಲರ್. ಚಳಿಗಾಲದಲ್ಲಿ ವಾರ್ಟ್‌ನಿಂದ ಪಕ್ಕದ ಲೆಖ್‌ಗೆ ಹೋಗುವುದೇ ದುಸ್ತರ. ಸೊಂಟದವರೆಗೆ ಹಿಮ. 1890ರ ದಶಕದ ನಡುವೆ ಅವರು ಪತ್ರಿಕೆಯಲ್ಲಿ ಸ್ಕೀ ಬಗ್ಗೆ ಓದಿ ಒಂದು ಜೊತೆ ತರಿಸಿದರು. ಊರವರು ಕಂಡರೆ ನಗುತ್ತಾರೆಂದು ಕತ್ತಲಾದ ಮೇಲೆ ಅಭ್ಯಾಸ ಮಾಡಿದರಂತೆ. ನಂತರ ಲೆಖ್‌ವರೆಗೆ ಸ್ಕೀ ಮೇಲೆಯೇ ಹೋದರು. ಅವರಿಗೆ ಬೇಕಿದ್ದದ್ದು ಆಟವಲ್ಲ, ಪಕ್ಕದ ಊರಿಗೊಂದು ದಾರಿ. ಈ ಸೀಮೆಯಲ್ಲಿ ಸ್ಕೀ ಕಾಲಿಟ್ಟದ್ದು ಹಾಗೆ. ನನಗೆ ತುಂಬ ಇಷ್ಟವಾದ ಭಾಗ ಇದು.

## ಶ್ನೈಡರ್ ಮತ್ತು ಅವರ ಗುರುಗಳು

ಹಾನೆಸ್ ಶ್ನೈಡರ್ ಯಾರು? ಹಳ್ಳಿ ಹುಡುಗ ಅಷ್ಟು ಹೆಸರು ಮಾಡಿದ್ದು ಹೇಗೆ?

ಹುಟ್ಟಿದ್ದು 1890ರಲ್ಲಿ, ಸ್ಟೂಬೆನ್‌ನಲ್ಲಿ. ತಂದೆಗೆ ಘಾಟಿ ರಸ್ತೆಯನ್ನು ನೋಡಿಕೊಳ್ಳುವ ಕೆಲಸ. ಬ್ರೆಗೆನ್ಸ್ ಪಟ್ಟಣದ ವಿಕ್ಟರ್ ಸೋಮ್ ಆ ಕಡೆ ಸ್ಕೀ ಮಾಡಲು ಬರುತ್ತಿದ್ದರು. ಅವರನ್ನು ನೋಡಿ ಹುಡುಗನಿಗೆ ಹುಚ್ಚು ಹತ್ತಿತು. ಸೋಮ್ ಕೈಹಿಡಿದು ಕಲಿಸಿದರು. ಇದೇ ಸೋಮ್ 1906ರಲ್ಲಿ ತ್ಸ್ಯೂರ್ಸ್‌ನಲ್ಲಿ ಸ್ಕೀ ತರಗತಿ ನಡೆಸಿದರು. ಬೆಟ್ಟ ಹತ್ತುವಾಗ ಹಲಗೆ ಹಿಂದಕ್ಕೆ ಜಾರದಂತೆ ಅಡಿಗೆ ಅಂಟಿಸುವ ತೊಗಲಿನ ಪಟ್ಟಿಯನ್ನು ಸುಧಾರಿಸಿದವರೂ ಅವರೇ.

1907ರಲ್ಲಿ ಸೇಂಟ್ ಆಂಟನ್‌ನ ಹೋಟೆಲ್ ಪೋಸ್ಟ್‌ನ ಮಾಲೀಕ ಕಾರ್ಲ್ ಶೂಲರ್ ಈ ಹುಡುಗನನ್ನು ತಮ್ಮ ಅತಿಥಿಗಳಿಗೆ ಸ್ಕೀ ಕಲಿಸಲು ಕೆಲಸಕ್ಕೆ ಇಟ್ಟುಕೊಂಡರು. ಆಗ ಶ್ನೈಡರ್‌ಗೆ ಹದಿನೇಳು ವರ್ಷ. ಆಗ ಹೋಟೆಲಿಗೆ ಬೇಸಿಗೆಯಲ್ಲಿ ಜನ, ಚಳಿಗಾಲದಲ್ಲಿ ಖಾಲಿ. ಖಾಲಿ ಕೋಣೆ ತುಂಬಿಸಲು ಸ್ಕೀ ಮಾಸ್ತರರನ್ನು ಇಡೋಣ ಅನ್ನುವುದು ಆ ಕಾಲಕ್ಕೆ ಧೈರ್ಯದ ಯೋಚನೆ. ಶೂಲರ್ ಹಾಗೆ ಯೋಚಿಸದಿದ್ದರೆ ಶ್ನೈಡರ್ ಬೇರೆ ದೇಶಕ್ಕೆ ಹೋಗಿಬಿಡುತ್ತಿದ್ದರೋ ಏನೋ.

ಮೊದಲ ಮಹಾಯುದ್ಧದಲ್ಲಿ ಅವರು ಆಸ್ಟ್ರಿಯಾದ ಪರ್ವತ ಪಡೆಗಳಿಗೆ ಸ್ಕೀ ಕಲಿಸಿದರು. ದೊಡ್ಡ ದೊಡ್ಡ ಗುಂಪುಗಳಿಗೆ, ಸ್ವಲ್ಪ ಸಮಯದಲ್ಲಿ, ಎಲ್ಲರಿಗೂ ಒಂದೇ ಕ್ರಮದಲ್ಲಿ ಕಲಿಸಬೇಕಿತ್ತು. ಯುದ್ಧ ಮುಗಿದ ಮೇಲೆ 1920ರ ದಶಕದ ಆರಂಭದಲ್ಲಿ ಸೇಂಟ್ ಆಂಟನ್‌ನಲ್ಲಿ ಸ್ವಂತ ಸ್ಕೀ ಶಾಲೆ ಶುರು ಮಾಡಿದಾಗ ಈ ಅನುಭವ ಕೈಯಲ್ಲಿತ್ತು. ಅದೇ ಹೊತ್ತಿಗೆ ಜರ್ಮನ್ ನಿರ್ದೇಶಕ ಆರ್ನಾಲ್ಡ್ ಫಾಂಕ್ ತಮ್ಮ ಪರ್ವತ ಸಿನಿಮಾಗಳಲ್ಲಿ ಶ್ನೈಡರ್‌ರನ್ನು ತೋರಿಸಿದರು. ಹಿಮ ನೋಡದ ಊರುಗಳ ಜನರೂ ಅವರ ಇಳಿತವನ್ನು ಪರದೆಯ ಮೇಲೆ ಕಂಡರು.

'ಆರ್ಲ್‌ಬರ್ಗ್ ಟೆಕ್ನಿಕ್' ಅಂದ್ರೆ ನಿಖರವಾಗಿ ಏನು?

ಎರಡು ಸೇರಿದ ಹೆಸರು ಅದು. ಒಂದು ದೇಹದ ಭಂಗಿ, ಇನ್ನೊಂದು ಪಾಠದ ಕ್ರಮ.

ಭಂಗಿ ಹೀಗೆ: ಮೊಣಕಾಲು ಚೆನ್ನಾಗಿ ಬಗ್ಗಿಸಿ, ಮೈಯನ್ನು ಮುಂದಕ್ಕೆ ವಾಲಿಸಿ, ತಗ್ಗಾಗಿ ಕೂತ ಹಾಗೆ ಇಳಿಯುವುದು. ಹಳೆಯ ನಾರ್ವೆ ಶೈಲಿಯಲ್ಲಿ ನೆಟ್ಟಗೆ ನಿಲ್ಲುತ್ತಿದ್ದರು. ಬೆಟ್ಟ ಕಡಿದಾದಷ್ಟೂ, ವೇಗ ಜಾಸ್ತಿಯಾದಷ್ಟೂ ಆ ನಿಲುವು ಕೈಕೊಡುತ್ತಿತ್ತು. ತಗ್ಗಿದರೆ ಹಿಡಿತ ಸಿಗುತ್ತದೆ.

ಪಾಠದ ಕ್ರಮ ಇನ್ನೂ ಮುಖ್ಯ. ಮೊದಲು ಸ್ನೋ ಪ್ಲೌ: ಎರಡೂ ಹಲಗೆಗಳ ಮೂತಿ ಹತ್ತಿರ ತಂದು, ಹಿಂದುಗಡೆ ಅಗಲಿಸಿ, ವೇಗಕ್ಕೆ ತಡೆ ಹಾಕುವುದು. ಆಮೇಲೆ ಸ್ಟೆಮ್ ತಿರುವು: ಒಂದು ಹಲಗೆಯನ್ನು ಮಾತ್ರ ಓರೆ ಮಾಡಿ ತಿರುಗುವುದು. ಕೊನೆಗೆ ಸ್ಟೆಮ್ ಕ್ರಿಸ್ಟಿಯಾನಿಯಾ: ಓರೆಯಿಂದ ಶುರು ಮಾಡಿ, ಎರಡೂ ಹಲಗೆ ಜೋಡಿಸಿ ಜಾರುತ್ತಾ ತಿರುವು ಮುಗಿಸುವುದು. ಒಂದು ಕೈವಶವಾಗದೆ ಮುಂದಿನದಿಲ್ಲ. ಸಂಗೀತ ಪಾಠದಲ್ಲಿ ಸರಳೆ, ಜಂಟಿ, ಅಲಂಕಾರ ದಾಟಿ ಗೀತೆಗೆ ಬರುತ್ತೇವಲ್ಲ, ಹಾಗೆ. ಕಲಿಯುವವರನ್ನು ಅವರವರ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡುತ್ತಿದ್ದರು. ಯಾವ ಮಾಸ್ತರರ ಹತ್ತಿರ ಹೋದರೂ ಪಾಠ ಅದೇ. ಇವತ್ತು ಜಗತ್ತಿನ ಯಾವ ಸ್ಕೀ ಶಾಲೆಗೆ ಹೋದರೂ ಮಟ್ಟ ನೋಡಿ ತರಗತಿಗೆ ಹಾಕುತ್ತಾರೆ ಅಲ್ವಾ? ಆ ಪದ್ಧತಿ ಗಟ್ಟಿಯಾಗಿ ನೆಲೆಯೂರಿದ್ದು ಇಲ್ಲಿ.

ಹಾಗಾದ್ರೆ ಝ್ಡಾರ್ಸ್ಕಿ ಮಾಡಿದ್ದೇನು? ಅವರೇ ಮೊದಲಿಗರು ಅಂತ ಓದಿದ್ದೆ.

ನೀವು ಓದಿದ್ದು ಸರಿ. ಆಲ್ಪ್ಸ್‌ನ ಇಳಿಜಾರಿಗೆ ತಕ್ಕ ಸ್ಕೀ ತಂತ್ರವನ್ನು ಮೊದಲು ಕಟ್ಟಿದವರು ಮಥಿಯಾಸ್ ಝ್ಡಾರ್ಸ್ಕಿ. ಮೊರಾವಿಯಾದಲ್ಲಿ 1856ರಲ್ಲಿ ಹುಟ್ಟಿದರು. ವಿಯೆನ್ನಾದಿಂದ ದೂರವಿಲ್ಲದ ಲಿಲಿಯೆನ್‌ಫೆಲ್ಡ್ ಬಳಿ ಒಂದು ತೋಟದ ಮನೆಯಲ್ಲಿ ಒಬ್ಬರೇ ಇದ್ದರು. ಅವರೂ ನಾನ್ಸೆನ್ ಕಥೆ ಓದಿ ಸ್ಕೀ ತರಿಸಿದವರೇ. ನಾರ್ವೆಯ ಉದ್ದ ಹಲಗೆ ತಮ್ಮ ಕಡಿದಾದ ಗುಡ್ಡಕ್ಕೆ ಒಗ್ಗಲಿಲ್ಲ. ಹಲಗೆ ಗಿಡ್ಡ ಮಾಡಿದರು. ಪಾದವನ್ನು ಗಟ್ಟಿಯಾಗಿ ಹಿಡಿಯುವ ಲೋಹದ ಕಟ್ಟು ಮಾಡಿದರು. ಒಂದೇ ಕೋಲು ಹಿಡಿದು ಹಲಗೆ ಓರೆ ಮಾಡಿ ತಿರುಗುವ ಕ್ರಮ ರೂಪಿಸಿ, 1890ರ ದಶಕದಲ್ಲೇ ಅದನ್ನು ಪುಸ್ತಕ ಮಾಡಿದರು. ಕಲಿಯಲು ಬಂದವರಿಂದ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ.

1905ರ ಮಾರ್ಚ್ 19ರಂದು ಲಿಲಿಯೆನ್‌ಫೆಲ್ಡ್‌ನ ಮುಕೆನ್‌ಕೊಗೆಲ್ ಬೆಟ್ಟದಲ್ಲಿ ಕಂಬ ನೆಟ್ಟು ಮಾಡಿದ 85 ಬಾಗಿಲುಗಳ ನಡುವೆ ಇಳಿಯುವ ಸ್ಪರ್ಧೆ ನಡೆಸಿದರು. 24 ಜನ ಭಾಗವಹಿಸಿದರು. ಯುದ್ಧದ ಸಮಯದಲ್ಲಿ, 1916ರಲ್ಲಿ, ಹಿಮಕುಸಿತದಲ್ಲಿ ಸಿಕ್ಕಿ ಮೈಯ ಮೂಳೆಗಳು ಹತ್ತಾರು ಕಡೆ ಮುರಿದವು. ಆಗ ಅವರಿಗೆ ಅರವತ್ತು. ಅದರಿಂದ ಎದ್ದು, ನೋವಿನೊಂದಿಗೇ 1940ರವರೆಗೆ ಬದುಕಿದರು.

ಶ್ನೈಡರ್‌ರ ಸ್ಟೆಮ್ ಪಾಠದ ಬೇರು ಝ್ಡಾರ್ಸ್ಕಿಯ ಓರೆ ತಿರುವಿನಲ್ಲಿದೆ. ನಡುವೆ ಗೇಯಾರ್ಗ್ ಬಿಲ್ಗೇರಿ ಎಂಬ ಸೇನಾಧಿಕಾರಿ ಇದ್ದಾರೆ. ಒಂದು ಕೋಲಿನ ಬದಲು ಎರಡು ಕೋಲು ಬಳಸಿ ಆ ತಂತ್ರವನ್ನು ನಾರ್ವೆಯ ಶೈಲಿಗೆ ಹತ್ತಿರ ತಂದವರು ಅವರು. ಅವರಿಗೂ ಝ್ಡಾರ್ಸ್ಕಿಗೂ ಜೋರು ಜಗಳ ನಡೆಯಿತು. ಇಬ್ಬರೂ ತಮ್ಮ ದಾರಿಯೇ ಸರಿ ಎಂದು ನಂಬಿದ್ದರು. ಇವತ್ತು ಎಲ್ಲರ ಕೈಯಲ್ಲೂ ಎರಡು ಕೋಲು ಇವೆ. ಅದರಲ್ಲಿ ಬಿಲ್ಗೇರಿ ಗೆದ್ದರು. ಕಡಿದಾದ ಬೆಟ್ಟಕ್ಕೆ ಬೇರೆಯದೇ ತಂತ್ರ ಬೇಕು ಎಂಬ ಮೂಲ ಮಾತಿನಲ್ಲಿ ಗೆದ್ದವರು ಝ್ಡಾರ್ಸ್ಕಿ.

ಆಗಿನ ಕಾಲದಲ್ಲಿ ಹೆಂಗಸರು ಸ್ಕೀ ಮಾಡ್ತಿದ್ರಾ?

ಮಾಡುತ್ತಿದ್ದರು, ಉದ್ದ ಲಂಗ ಉಟ್ಟುಕೊಂಡೇ. 1905ರ ಆ ಲಿಲಿಯೆನ್‌ಫೆಲ್ಡ್ ಸ್ಪರ್ಧೆಯಲ್ಲಿ ಮಿಟ್ಸಿ ಆಂಗೆರರ್ ಎಂಬ ಮಹಿಳೆ ಗಂಡಸರ ಜೊತೆ ಇಳಿದರು. 1911ರಲ್ಲಿ ಕಿಟ್ಸ್‌ಬ್ಯೂಲ್‌ನ ಪೌಲಾ ಲಾಂಬೆರ್ಗ್ ಲಂಗದಲ್ಲೇ ಸ್ಕೀ ಜಿಗಿತ ಮಾಡಿ 22 ಮೀಟರ್ ಹಾರಿದರು. 1931ರಲ್ಲಿ ಸ್ವಿಟ್ಜರ್ಲೆಂಡ್‌ನ ಮ್ಯೂರನ್‌ನಲ್ಲಿ ನಡೆದ ಇಳಿಜಾರು ಸ್ಕೀಯಿಂಗ್‌ನ ಮೊದಲ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹೆಂಗಸರ ವಿಭಾಗವೂ ಇತ್ತು. ಬ್ರಿಟನ್‌ನ ಎಸ್ಮೆ ಮೆಕಿನಾನ್ ಡೌನ್‌ಹಿಲ್ (ವೇಗವಾಗಿ ಇಳಿಯುವ ರೇಸ್), ಸ್ಲಾಲಮ್ (ಬಾಗಿಲುಗಳ ನಡುವೆ ತಿರುಗುತ್ತಾ ಇಳಿಯುವ ರೇಸ್) ಎರಡೂ ಗೆದ್ದರು. ಆದರೆ ಸ್ಕೀ ಜಿಗಿತದಲ್ಲಿ ಹೆಂಗಸರಿಗೆ ಒಲಿಂಪಿಕ್ಸ್ ಬಾಗಿಲು ತೆರೆದದ್ದು 2014ರಲ್ಲಿ. ಲಾಂಬೆರ್ಗ್ ಹಾರಿ ನೂರು ವರ್ಷ ದಾಟಿದ ಮೇಲೆ! ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

## ಸ್ಪರ್ಧೆ, ಸಲಕರಣೆ

ಮದ್ರಾಸ್‌ನಲ್ಲಿ ಹುಟ್ಟಿದ ಒಬ್ಬರು ಸ್ಕೀ ರೇಸಿನ ಪಿತಾಮಹ ಅಂತಾರೆ. ಯಾರವರು? ಕಂದಹಾರ್‌ಗೂ ಸ್ಕೀಗೂ ಏನು ಸಂಬಂಧ?

ಆರ್ನಾಲ್ಡ್ ಲನ್. 1888ರಲ್ಲಿ ಮದ್ರಾಸಿನಲ್ಲಿ ಹುಟ್ಟಿದರು. ತಂದೆ ಹೆನ್ರಿ ಲನ್ ಆಗ ಅಲ್ಲಿ ಮೆಥಡಿಸ್ಟ್ ಮಿಷನರಿ. ಬೇಗನೇ ಇಂಗ್ಲೆಂಡಿಗೆ ಮರಳಿ, ಆಲ್ಪ್ಸ್‌ಗೆ ಜನರನ್ನು ಕರೆದೊಯ್ಯುವ ಪ್ರವಾಸದ ವ್ಯವಹಾರ ಬೆಳೆಸಿದರು. ಮಗ ಬೆಳೆದದ್ದು ಆ ಹಿಮದಲ್ಲಿ.

1922ರಲ್ಲಿ ಸ್ವಿಟ್ಜರ್ಲೆಂಡ್‌ನ ಮ್ಯೂರನ್‌ನಲ್ಲಿ ಲನ್ ಹೊಸ ಬಗೆಯ ಸ್ಲಾಲಮ್ ನಡೆಸಿದರು. ಯಾರು ಎಷ್ಟು ಚೆಂದ ತಿರುಗಿದರು ಎಂದು ನೋಡಲಿಲ್ಲ. ಯಾರು ಬೇಗ ಬಂದರು ಅಷ್ಟೇ ಲೆಕ್ಕ. 1924ರಲ್ಲಿ ಕಂದಹಾರ್ ಸ್ಕೀ ಕ್ಲಬ್ ಹುಟ್ಟಿತು. ಅಫ್ಘಾನಿಸ್ತಾನದ ಆ ಊರಿನ ಹೆಸರು ಬಂದದ್ದು ಸೇನಾಧಿಪತಿ ಲಾರ್ಡ್ ರಾಬರ್ಟ್ಸ್ ಅವರಿಂದ. ಕಾಬೂಲ್‌ನಿಂದ ಕಂದಹಾರ್‌ವರೆಗಿನ ದಂಡಯಾತ್ರೆಯಿಂದ ಹೆಸರಾಗಿ 'ಕಂದಹಾರ್‌ನ ರಾಬರ್ಟ್ಸ್' ಎಂಬ ಬಿರುದು ಪಡೆದವರು. ಅವರು ಹುಟ್ಟಿದ್ದು ಕಾನ್ಪುರದಲ್ಲಿ. 1911ರಲ್ಲಿ ಅವರ ಹೆಸರಿನ ಕಪ್‌ಗಾಗಿ ಸ್ವಿಟ್ಜರ್ಲೆಂಡ್‌ನ ಮೊಂಟಾನಾದಲ್ಲಿ ಇಳಿಜಾರು ರೇಸ್ ನಡೆದಿತ್ತು. ಕ್ಲಬ್‌ಗೆ ಆ ಹೆಸರು ಅಲ್ಲಿಂದ.

1928ರಲ್ಲಿ ಲನ್ ಮತ್ತು ಶ್ನೈಡರ್ ಸೇರಿ ಸೇಂಟ್ ಆಂಟನ್‌ನಲ್ಲಿ ಆರ್ಲ್‌ಬರ್ಗ್-ಕಂದಹಾರ್ ರೇಸ್ ಶುರು ಮಾಡಿದರು. ಆಗ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದಲ್ಲಿ ನಾರ್ವೆ, ಸ್ವೀಡನ್‌ನವರ ಮಾತೇ ನಡೆಯುತ್ತಿತ್ತು. ಬೆಟ್ಟದಿಂದ ಇಳಿಯುವುದನ್ನು ಅವರು ನಿಜವಾದ ಸ್ಕೀಯಿಂಗ್ ಎಂದು ಒಪ್ಪುತ್ತಿರಲಿಲ್ಲ. ಈ ರೇಸು ಜನಪ್ರಿಯವಾದ ಮೇಲೆ ಪಟ್ಟು ಸಡಿಲಿತು. 1930ರಲ್ಲಿ ಒಕ್ಕೂಟ ಮಾನ್ಯತೆ ಕೊಟ್ಟಿತು. 1936ರಲ್ಲಿ ಆಲ್ಪೈನ್ ಸ್ಕೀಯಿಂಗ್, ಅಂದರೆ ಬೆಟ್ಟದಿಂದ ಇಳಿಯುವ ಈ ಆಟ, ಒಲಿಂಪಿಕ್ಸ್‌ಗೂ ಬಂತು.

ಸ್ಲಾಲಮ್‌ನ ಮೊದಲಿಗರು ಯಾರು, 1905ರ ಝ್ಡಾರ್ಸ್ಕಿಯೋ 1922ರ ಲನ್ನೋ ಎಂಬ ವಾದ ಇನ್ನೂ ಮುಗಿದಿಲ್ಲ. ಬಾಗಿಲು ನೆಟ್ಟು ತಿರುಗಿಸಿದವರು ಝ್ಡಾರ್ಸ್ಕಿ, ಅದನ್ನು ಶುದ್ಧ ವೇಗದ ಆಟ ಮಾಡಿದವರು ಲನ್ ಎನ್ನುವುದು ನನ್ನ ಅಭಿಪ್ರಾಯ.

ಲಿಫ್ಟ್ ಇಲ್ಲದ ಕಾಲದಲ್ಲಿ ಮೇಲೆ ಹೋಗ್ತಿದ್ದದ್ದು ಹೇಗೆ?

ನಡೆದು. ಹಲಗೆಯ ಅಡಿಗೆ ತೊಗಲಿನ ಪಟ್ಟಿ ಕಟ್ಟಿ ಗಂಟೆಗಟ್ಟಲೆ ಹತ್ತಿ, ಕೆಲವೇ ನಿಮಿಷ ಇಳಿಯುತ್ತಿದ್ದರು. ತ್ಸ್ಯೂರ್ಸ್‌ಗೆ ಸ್ಕೀ ಲಿಫ್ಟ್ ಬಂದದ್ದು 1937ರಲ್ಲಿ. ಅದೇ ವರ್ಷದ ಕೊನೆಗೆ ಸೇಂಟ್ ಆಂಟನ್‌ನಲ್ಲಿ ಗಾಲ್ಸಿಗ್ ಬೆಟ್ಟಕ್ಕೆ ಕೇಬಲ್ ಕಾರ್ ಓಡಿತು.

ಅದಕ್ಕೂ ಮುಂಚೆ ಇಳಿತವನ್ನೇ ಬದಲಿಸಿದ್ದು ಒಂದು ಸಣ್ಣ ವಸ್ತು: ಹಲಗೆಯ ಅಂಚಿನ ಉಕ್ಕಿನ ಪಟ್ಟಿ. ಸಾಲ್ಸ್‌ಬರ್ಗ್‌ನ ರುಡಾಲ್ಫ್ ಲೆಟ್ನರ್ 1926ರಲ್ಲಿ ಪೇಟೆಂಟ್ ಪಡೆದರು. ಬರೀ ಮರದ ಅಂಚು ಗಟ್ಟಿ ಮಂಜಿನ ಮೇಲೆ ಜಾರಿಬಿಡುತ್ತಿತ್ತು. ಉಕ್ಕು ಕಚ್ಚಿ ಹಿಡಿಯಿತು.

## 1938 ಮತ್ತು ಆಮೇಲೆ

ಶ್ನೈಡರ್‌ರನ್ನು ನಾಜಿಗಳು ಜೈಲಿಗೆ ಹಾಕಿದ್ದು ಯಾಕೆ?

ಅವರು ನಾಜಿಗಳ ವಿರೋಧಿ ಎಂಬುದು ಊರಿಗೆಲ್ಲ ಗೊತ್ತಿತ್ತು. ಯೆಹೂದಿ ಗೆಳೆಯರ, ಅತಿಥಿಗಳ ಜೊತೆಗಿನ ನಂಟನ್ನು ಅವರು ಬಿಡಲಿಲ್ಲ. 1938ರ ಮಾರ್ಚ್‌ನಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾದೊಳಗೆ ಬಂತು. ಬಂದ ಕೂಡಲೇ ಶ್ನೈಡರ್‌ರನ್ನು ಹಿಡಿದು ಲಾಂಡೆಕ್ ಜೈಲಿಗೆ ಹಾಕಿದರು. ಆ ದಿನಗಳಲ್ಲೇ ಸೇಂಟ್ ಆಂಟನ್‌ನಲ್ಲಿ ಆರ್ಲ್‌ಬರ್ಗ್-ಕಂದಹಾರ್ ರೇಸ್ ನಡೆಯಬೇಕಿತ್ತು. ಲನ್ ರೇಸನ್ನೇ ರದ್ದು ಮಾಡಿದರು. ಮುಂದೆ ಶ್ನೈಡರ್‌ರನ್ನು ಜರ್ಮನಿಯ ಗಾರ್ಮಿಶ್‌ನಲ್ಲಿ ಒಬ್ಬ ವಕೀಲರ ಉಸ್ತುವಾರಿಯಲ್ಲಿ ಇಟ್ಟರು.

ಬಿಡುಗಡೆ ಮಾಡಿಸಿದವರು ಹಾರ್ವೆ ಗಿಬ್ಸನ್. ನ್ಯೂಯಾರ್ಕ್‌ನ ಬ್ಯಾಂಕರ್. ಹುಟ್ಟೂರು ನ್ಯೂ ಹ್ಯಾಂಪ್‌ಶೈರ್‌ನ ನಾರ್ತ್ ಕಾನ್ವೇ. ಜರ್ಮನಿ ಅಮೆರಿಕದ ಬ್ಯಾಂಕುಗಳಿಗೆ ಕೊಡಬೇಕಿದ್ದ ಸಾಲದ ಮಾತುಕತೆಯಲ್ಲಿ ಅವರ ಮಾತಿಗೆ ಬೆಲೆಯಿತ್ತು. ಆ ಪ್ರಭಾವ ಬಳಸಿದರು. 1939ರ ಫೆಬ್ರವರಿಯಲ್ಲಿ ಶ್ನೈಡರ್ ಕುಟುಂಬ ನಾರ್ತ್ ಕಾನ್ವೇಯಲ್ಲಿ ರೈಲು ಇಳಿದಾಗ ಊರವರು ಎತ್ತಿ ಹಿಡಿದ ಸ್ಕೀ ಕೋಲುಗಳ ಕಮಾನಿನ ಕೆಳಗೆ ಅವರನ್ನು ಕರೆದೊಯ್ದರು. 1955ರಲ್ಲಿ ಅವರು ಅಲ್ಲೇ ತೀರಿಕೊಂಡರು.

ರುಡಾಲ್ಫ್ ಗೊಂಪರ್ಜ್ ಹೆಸರನ್ನು ನೀವು ಯಾಕೆ ಅಷ್ಟು ಒತ್ತಿ ಹೇಳ್ತೀರಿ?

ಹೇಳದೇ ಬಿಟ್ಟವರು ಜಾಸ್ತಿ ಇದ್ದಾರೆ, ಅದಕ್ಕೆ. ಗೊಂಪರ್ಜ್ 1878ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಎಂಜಿನಿಯರ್. ಯೆಹೂದಿ ಮೂಲದ ಮನೆತನ. ಆರೋಗ್ಯ ಸುಧಾರಿಸಿಕೊಳ್ಳಲು 1905ರಲ್ಲಿ ಸೇಂಟ್ ಆಂಟನ್‌ಗೆ ಬಂದರು, ಅಲ್ಲೇ ನೆಲೆ ನಿಂತರು. ಶ್ನೈಡರ್ ಬೆಟ್ಟದಲ್ಲಿ ಕಲಿಸುತ್ತಿದ್ದರೆ ಊರಿಗೆ ಜನರನ್ನು ತರುವ ಕೆಲಸ ಗೊಂಪರ್ಜ್‌ರದ್ದು. ಪ್ರವಾಸಿಗರಿಗೆ ಮಾಹಿತಿ, ಪ್ರಚಾರ, ಸ್ಪರ್ಧೆಗಳ ಏರ್ಪಾಡು, ಸ್ಕೀ ಸಂಘಗಳ ಕೆಲಸ ಎಲ್ಲ ನೋಡಿಕೊಂಡರು. ಬಡ ಘಾಟಿ ಊರೊಂದು ಯುರೋಪಿನ ಹೆಸರಾಂತ ಚಳಿಗಾಲದ ತಾಣವಾದದ್ದರಲ್ಲಿ ಅವರ ಮೂರು ದಶಕಗಳ ದುಡಿಮೆಯಿದೆ.

1938ರ ನಂತರ ಅದೇ ಊರು ಅವರಿಗೆ ಪರಕೀಯವಾಯಿತು. ಅವರನ್ನು ಬಿಡಿಸಲು ಯಾವ ಬ್ಯಾಂಕರ್ ಕೂಡ ಬರಲಿಲ್ಲ. 1942ರಲ್ಲಿ ಮೊದಲು ವಿಯೆನ್ನಾಗೆ ಸಾಗಿಸಿದರು. ಅಲ್ಲಿಂದ ಮೇ ತಿಂಗಳಲ್ಲಿ ಮಿನ್ಸ್ಕ್ ಬಳಿಯ ಮಾಲಿ ಟ್ರೊಸ್ಟಿನೆಟ್ಸ್‌ಗೆ ಒಯ್ದು ಕೊಂದರು. ಊರು ಅವರಿಗೆ ಸ್ಮಾರಕ ಮಾಡಲು ದಶಕಗಳೇ ಬೇಕಾದವು. ಕಲಿಸಿದವರ ಹೆಸರು ಉಳಿಯಿತು, ಊರು ನಡೆಸಿದವರ ಹೆಸರು ಅಳಿಯಿತು. ಆರ್ಲ್‌ಬರ್ಗ್ ಇತಿಹಾಸ ಹೇಳುವ ಯಾರೇ ಆದರೂ ಈ ಎರಡು ಹೆಸರನ್ನು ಒಟ್ಟಿಗೆ ಹೇಳಬೇಕು ಎಂಬುದು ನನ್ನ ಬಲವಾದ ನಂಬಿಕೆ.

ಇವರ ಪಾಠ ಬೇರೆ ದೇಶಗಳಿಗೆ ಹೇಗೆ ಹೋಯ್ತು?

ಶಿಷ್ಯರ ಮೂಲಕ. ಶ್ನೈಡರ್‌ರ ಬಳಿ ಮಾಸ್ತರರಾಗಿದ್ದ ಬೆನ್ನೊ ರಿಬಿಟ್ಸ್ಕಾ ನ್ಯೂ ಹ್ಯಾಂಪ್‌ಶೈರ್‌ಗೆ, ಓಟೊ ಲಾಂಗ್ ಅಮೆರಿಕದ ಪಶ್ಚಿಮಕ್ಕೆ ಹೋದರು. ಸೇಂಟ್ ಆಂಟನ್‌ನವರೇ ಆದ ಫ್ರೀಡ್ಲ್ ಫೈಫರ್ ಸನ್ ವ್ಯಾಲಿಯಲ್ಲಿ ಕಲಿಸಿದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ 10ನೇ ಪರ್ವತ ಡಿವಿಷನ್‌ನಲ್ಲಿ ಹೋರಾಡಿ ಗಾಯಗೊಂಡರು. ಆಮೇಲೆ ಆಸ್ಪೆನ್‌ನಲ್ಲಿ ಸ್ಕೀ ಶಾಲೆ ಕಟ್ಟಿದರು. ಶ್ನೈಡರ್‌ರ ಮಗ ಹೆರ್ಬರ್ಟ್ ಕೂಡ ಅದೇ ಡಿವಿಷನ್‌ನಲ್ಲಿದ್ದರು.

ಜಪಾನಿನ ಕಥೆ ಇನ್ನೂ ಸ್ವಾರಸ್ಯ. ಝ್ಡಾರ್ಸ್ಕಿಯ ಶಿಷ್ಯ, ಸೇನಾಧಿಕಾರಿ ಥಿಯೋಡರ್ ಫಾನ್ ಲೆರ್ಖ್ 1911ರ ಜನವರಿಯಲ್ಲಿ ತಕಾದಾದಲ್ಲಿ ಜಪಾನಿ ಸೈನಿಕರಿಗೆ ಒಂದು ಕೋಲಿನ ಪಾಠ ಹೇಳಿದರು. 1930ರಲ್ಲಿ ಶ್ನೈಡರ್ ತಾವೇ ಜಪಾನಿಗೆ ಹೋಗಿ ತಮ್ಮ ಕ್ರಮ ತೋರಿಸಿದರು. ಹೀಗೆ ಝ್ಡಾರ್ಸ್ಕಿಯ ಪಾಠವೂ ಶ್ನೈಡರ್‌ರ ಪಾಠವೂ ಒಂದೇ ದೇಶಕ್ಕೆ ಹತ್ತೊಂಬತ್ತು ವರ್ಷಗಳ ಅಂತರದಲ್ಲಿ ತಲುಪಿದವು.

ನಮ್ಮ ಕಡೆಯವರು ಯಾರಾದ್ರೂ ಸ್ಕೀಯಿಂಗ್‌ನಲ್ಲಿದ್ದಾರಾ?

ಇದ್ದಾರೆ. ಭಾರತದ ಮೊದಲ ಸ್ಕೀ ಕ್ಲಬ್ ಗುಲ್‌ಮಾರ್ಗ್‌ನಲ್ಲಿ 1927ರಲ್ಲಿ ಬ್ರಿಟಿಷ್ ಅಧಿಕಾರಿಗಳಿಂದ ಶುರುವಾಯಿತು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ಮೊದಲು ಇಳಿದವರು ಪೋಲಿಷ್ ಮೂಲದ ಜೆರೆಮಿ ಬುಯಾಕೊವ್ಸ್ಕಿ. ಅದು 1964ರ ಇನ್ಸ್‌ಬ್ರುಕ್ ಒಲಿಂಪಿಕ್ಸ್. ಆರ್ಲ್‌ಬರ್ಗ್‌ನ ಪೂರ್ವ ಭಾಗ ಇರುವ ಟಿರೋಲ್‌ನ ರಾಜಧಾನಿಯೇ ಇನ್ಸ್‌ಬ್ರುಕ್. ಇನ್ನು ಕರ್ನಾಟಕದ ಮಾತು: ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸುತ್ತಿದ್ದಾರೆ. ಹಿಮ ಬೀಳದ ನಾಡಿನಿಂದ ಹೋಗಿ ಈ ಆಟ ಕಲಿಯುವುದು ಸುಮ್ನೆ ಮಾತಲ್ಲ.

ಸೇಂಟ್ ಆಂಟನ್‌ಗೆ ಹೋದ್ರೆ ಈ ಇತಿಹಾಸ ನೋಡಲು ಏನಿದೆ? ಸ್ಕೀ ಬರದವರು ಹೋಗಬಹುದಾ?

ಧಾರಾಳವಾಗಿ ಹೋಗಬಹುದು. ಊರಿನ ಹಳೆಯ ವಿಲ್ಲಾ ಒಂದರಲ್ಲಿ ಸ್ಥಳೀಯ ಮ್ಯೂಸಿಯಂ ಇದೆ. ಶ್ನೈಡರ್ ಪ್ರತಿಮೆ ಇದೆ, ಗೊಂಪರ್ಜ್ ಸ್ಮಾರಕವೂ ಇದೆ. ಪ್ರತಿಮೆ ನೋಡಿ ಬಂದುಬಿಡಬೇಡಿ, ಸ್ಮಾರಕವನ್ನೂ ಹುಡುಕಿ ನೋಡಿ. ಸೇಂಟ್ ಕ್ರಿಸ್ಟಾಫ್‌ನಲ್ಲಿ ಆರ್ಲ್‌ಬರ್ಗ್ ಸ್ಕೀ ಕ್ಲಬ್ 1901ರ ಜನವರಿ 3ರಂದು ಹುಟ್ಟಿದ ಜಾಗ ಇದೆ. ಆ ದಿನ ಸ್ಕೀ ಮಾಡಿ ಬಂದ ಗೆಳೆಯರು ಅಲ್ಲಿನ ಅತಿಥಿ ಪುಸ್ತಕದಲ್ಲಿ ಬರೆದು ಕ್ಲಬ್ ಶುರು ಮಾಡಿದರು. ಬೇಸಿಗೆಯಲ್ಲಿ ಹೋದರೆ ಸ್ಟೂಬೆನ್ ಕಡೆಗೆ ನಡೆದು ಹೋಗುವ ದಾರಿಗಳಿವೆ. ಜ್ಯೂರಿಕ್ ಮತ್ತು ಇನ್ಸ್‌ಬ್ರುಕ್ ಎರಡೂ ಕಡೆಯಿಂದ ನೇರ ರೈಲು ಇದೆ. 2001ರ ವಿಶ್ವ ಚಾಂಪಿಯನ್‌ಷಿಪ್‌ಗಾಗಿ ಹಳಿಯನ್ನು ಊರಿನ ಇನ್ನೊಂದು ಬದಿಗೆ ಸರಿಸಿದ್ದಾರೆ, ನಿಲ್ದಾಣವೂ ಹೊಸದು. ಜ್ಯೂರಿಕ್ ಕಡೆಯಿಂದ ಬಂದರೆ 1884ರ ಆ ಸುರಂಗ ದಾಟಿಯೇ ಸೇಂಟ್ ಆಂಟನ್‌ನಲ್ಲಿ ಇಳಿಯುತ್ತೀರಿ.